ಮೋರಿ ಕಟ್ಟೆಯವರೆಗೂ ಹೋದ ಮನೋಹರ

ದಾರಿ ತಪ್ಪಿದನಂತೆ! ನೀವೂ ಅದನ್ನೇ ಹೇಳುತ್ತೀರಲ್ಲ ಸ್ವಾಮಿ. ನಗಬೇಡಿ. ಮೂವತ್ತು ವರ್ಷ ಊರವರ ಜಮೀನೆಲ್ಲ ಅಳೆದವನು, ಕಣ್ಣು ಕಟ್ಟಿ ಬಿಟ್ಟರೂ ಹುಣಸಮಾರನಹಳ್ಳಿಯಿಂದ ಯಲಹಂಕಕ್ಕೆ ಎಷ್ಟು ಹೆಜ್ಜೆ ಅಂತ ಹೇಳುವವನು, ನೆಟ್ಟಗಿರುವ ರಸ್ತೆಯಲ್ಲಿ ಸೈಕಲ್ ಮೇಲೆ ದಾರಿ ತಪ್ಪುತ್ತಾನೆಯೇ? ಆವತ್ತು ಆ ರಸ್ತೆ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವನು ನಾನು. ಕಂಡವನು ನಾನು.

ಈ ಬೈರಣ್ಣನ ಮಾತಿನಲ್ಲಿ ಅರ್ಧ ಸುಳ್ಳು ಅಂತ ನಿಮಗೆ ಯಾರೋ ಹೇಳಿರಬೇಕು. ಇರಬಹುದು. ಹೆಬ್ಬಾಳ ಕೆರೆಯಲ್ಲಿ ಎಮ್ಮೆ ಬಾಲ ಹಿಡಿದು ಮುಳುಗಿ ನಾಗವಾರ ಕೆರೆಯಲ್ಲಿ ಎದ್ದೆ ಅಂತ ನಾನು ಹೇಳುವುದುಂಟು. ಅದರಲ್ಲಿ ಎಮ್ಮೆ ನಿಜ. ಆದರೆ ಈಗ ಹೇಳುವುದು ಆ ಜಾತಿಯ ಕಥೆಯಲ್ಲ. ಇದಕ್ಕೆ ಉಪ್ಪುಖಾರ ಹಾಕುವ ಮನಸ್ಸೇ ನನಗಿಲ್ಲ.

ಮನೋಹರನದು ನಮ್ಮ ಮನೆಯಿಂದ ನಾಲ್ಕನೇ ಮನೆ. ಇಪ್ಪತ್ತೆರಡನೇ ವಯಸ್ಸಿಗೆ ಒಬ್ಬ ಸರ್ವೆಯರ್ ಹತ್ತಿರ ಅಳತೆಯ ಚೈನು ಎಳೆಯಲು ಸೇರಿದ. ಈಗ ಆ ಸರ್ವೆಯರಿಗೆ ಮಂಡಿನೋವು, ಸಹಿ ಮಾತ್ರ ಅವರದು, ಅಳತೆಯೆಲ್ಲ ಮನೋಹರನದೇ. ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಒಂದು ಗೇಣು ನೆಲಕ್ಕೂ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿಯುತ್ತಾರೆ. ಅಂಥ ಕಡೆ ಇಬ್ಬರೂ ಒಪ್ಪುವುದು ಒಂದೇ ಮಾತನ್ನು: "ಮನೋಹರ ಅಳದ್ರೆ ಆಯ್ತು ಬಿಡಿ." ಒಂದು ಸಲ ಗಡಿಯ ಮೇಲೇ ನಿಂತ ತೆಂಗಿನ ಮರವೊಂದರ ಕೆಳಗೆ ಗೆರೆ ಎಳೆದು, ಈ ಕಡೆ ಬಿದ್ದ ಕಾಯಿ ಅಣ್ಣನದು, ಆ ಕಡೆ ಬಿದ್ದದ್ದು ತಮ್ಮನದು ಅಂದ. ಮರುದಿನದಿಂದ ಕಾಯಿಗಳೇ ಗೆರೆ ನೋಡಿಕೊಂಡು, ಒಂದು ಆ ಕಡೆ ಒಂದು ಈ ಕಡೆ ಬೀಳತೊಡಗಿದವು. ಸರಿ ಸರಿ, ಕಾಯಿ ವಿಷಯ ಬಿಡಿ. ಗೆರೆ ನಿಜ.

ನಲವತ್ತೆಂಟಕ್ಕೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಅಂದರು. ಇವನು ದಿನವಿಡೀ ಹೊಲದಲ್ಲಿ ನಡೆಯುವವನೇ, ಇನ್ನೇನು ನಡೆಯುವುದು ಅಂತ ಓಡಲು ಶುರುಮಾಡಿದ. ಆಮೇಲೆ ಹಳೇ ಸೈಕಲ್ ಹೊರತೆಗೆದ. ಆಗ ಸಿಕ್ಕವನು ಸತೀಶ. ಯಲಹಂಕದ ಹಳೇ ಊರಿನವನು, ಮೊದಲು ಸ್ಕೂಲಿನಲ್ಲಿ ಪೀಟಿ ಮೇಷ್ಟ್ರು, ಈಗ ರೇಸು ನಡೆಸುತ್ತಾನೆ. ಮೊದಲು ಈಜು, ಮೈ ಆರುವ ಮೊದಲೇ ಸೈಕಲ್, ಇಳಿದ ಕೂಡಲೇ ಓಟ. ಟ್ರಯಥ್ಲಾನ್ ಅನ್ನುತ್ತಾರೆ. ಮೂರು ಸಲ ಸಾಯಲು ಒಂದೇ ಟಿಕೆಟ್ ಅಂತ ನಾನು ಹೇಳಿದೆ, ಯಾರೂ ನಗಲಿಲ್ಲ.

ಮನೋಹರನಿಗೆ ಈಜು ಬರುತ್ತಿರಲಿಲ್ಲ. ಸತೀಶನೇ ಎರಡು ತಿಂಗಳು ದಿನಾ ಬೆಳಿಗ್ಗೆ ಈಜುಕೊಳದಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು, ಇವನ ಹೊಟ್ಟೆಯ ಕೆಳಗೆ ಕೈಕೊಟ್ಟು ಕಲಿಸಿದ. ಚಿಕ್ಕ ಮಕ್ಕಳ ನಡುವೆ ದೊಡ್ಡ ಮೀಸೆಯ ಇವನೊಬ್ಬ ಕೈಕಾಲು ಬಡಿಯುತ್ತಿದ್ದ. ಕಲಿತ ದಿನ ಮನೆಗೆ ಬಂದು ನನ್ನ ಮುಂದೆ ನಿಂತು, "ಮಾವ, ಸತೀಶ ಕೈ ಬಿಟ್ಟಿದ್ದೇ ಗೊತ್ತಾಗ್ಲಿಲ್ಲ" ಅಂದ. ಐವತ್ತು ವರ್ಷದ ಗಂಡಸಿನ ಕಣ್ಣಲ್ಲಿ ನೀರು. ಕೊಳದ ನೀರೇ ಇರಬೇಕು ಅಂದುಕೊಂಡೆ.

ಹೋದ ವರ್ಷ ಫೆಬ್ರವರಿಯಲ್ಲಿ ಒಂದೇ ಭಾನುವಾರ ಎರಡು ರೇಸು ಬಿತ್ತು. ಒಂದು ಸತೀಶನದು. ಇನ್ನೊಂದು ಗಂಗಾನಗರದ ಮುಬಶ್ಶಿರ್ ಅನ್ನುವವನದು. ಮುಬಶ್ಶಿರ್‌ನದು ದೊಡ್ಡ ವ್ಯವಸ್ಥೆ. ಮೇಲೆ ಹಾರಾಡುವ ಕ್ಯಾಮೆರಾ, ಮೊಬೈಲಿನಲ್ಲಿ ಆಪು, ಊಟದ ತಟ್ಟೆಯಷ್ಟು ಅಗಲದ ಪದಕ. ಅವನು ಮನೋಹರನನ್ನೂ ಕರೆದ. ಸುಮಾ, ಅಂದರೆ ಮನೋಹರನ ಹೆಂಡತಿ, "ಅಲ್ಲೇ ಹೋಗ್ರೀ, ಅಲ್ಲಿ ಡಾಕ್ಟರೂ ಇರ್ತಾರಂತೆ" ಅಂದಳು. ಯಾವುದಕ್ಕೆ ಹೋಗುವುದು ಅಂತ ಮನೋಹರ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅವನ ಆಸೆ ಒಂದೇ: ಸಾಯುವುದರೊಳಗೆ ಒಂದು ಪೂರ್ತಿ ರೇಸು, ಒಂದಡಿ ಕಮ್ಮಿಯಿಲ್ಲದೆ. ಈಜು ಒಂದೂವರೆ ಕಿಲೋಮೀಟರು, ಸೈಕಲ್ ನಲವತ್ತು, ಓಟ ಹತ್ತು.

ಅಷ್ಟರಲ್ಲಿ ಸತೀಶ ಮನೆಗೇ ಬಂದ. ನಾನೂ ಜಗುಲಿಯಲ್ಲೇ ಇದ್ದೆ.

"ಅಣ್ಣ, ನೀವು ಆ ಕಡೆ ಹೋದ್ರೆ ನಾನ್ ಮುಗ್ದೆ. ರೋಡನ್ನ ನೀವೇ ಅಳೀರಿ. ನಿಮ್ ಹೆಸರೇ ಹಾಕ್ತೀನಿ."

"ನನ್ ಹೆಸರು ಯಾಕಪ್ಪಾ?"

"ನಿಮ್ ಹೆಸರಿದ್ರೆ ಕಣ್ಮುಚ್ಕೊಂಡು ಜನ ಬರ್ತಾರಣ್ಣ."

ಮನೋಹರ ಅಲ್ಲೇ ಕರಗಿಬಿಟ್ಟ. ಹೊಗಳಿಕೆಗಲ್ಲ. ಈಜು ಕಲಿಸಿದವನು ಕೇಳುತ್ತಿದ್ದಾನಲ್ಲ ಅಂತ. ಮೂರು ದಿನ ಬೆಳಿಗ್ಗೆ ಅಳತೆ ಚಕ್ರ ತಳ್ಳಿಕೊಂಡು ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ನಡೆದ. ರಾಜಾನುಕುಂಟೆ ದಾಟಿ, ಸರಿಯಾಗಿ ಹತ್ತನೇ ಕಿಲೋಮೀಟರಿಗೆ ಒಂದು ಮೋರಿ. ಅದರ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ. ಅಲ್ಲಿಗೆ ಹೋಗಿ ತಿರುಗಿ ಬರಬೇಕು, ಎರಡು ಸುತ್ತು, ಒಟ್ಟು ನಲವತ್ತು. ಹತ್ತಿರದ ಬೇಲಿಯ ಓತಿಕೇತ ಕೂಡ ಆ ಗುರುತು ದಾಟದೆ ವಾಪಸ್ಸು ಹೋಯಿತು... ಇಲ್ಲ, ಈ ಕಥೆಯಲ್ಲಿ ಅದೆಲ್ಲ ಬೇಡ. ಫ್ಲೆಕ್ಸಿನಲ್ಲಿ ಮನೋಹರನ ಹೆಸರು ಬಂತು: 'ಅಳತೆ: ಹುಣಸಮಾರನಹಳ್ಳಿ ಮನೋಹರ್'. ಮುಬಶ್ಶಿರ್ ಕಡೆ ಹೆಸರು ಕೊಟ್ಟಿದ್ದ ಎಷ್ಟೋ ಜನ ಈ ಕಡೆ ತಿರುಗಿಕೊಂಡರು.

ನನಗೂ ಒಂದು ಕೆಲಸ ಸಿಕ್ಕಿತು. ತಿರುವಿನಲ್ಲಿ ಕೂತು ಸೀಟಿ ಊದುವುದು. ಸತೀಶ ನನಗೊಂದು ಟೀಶರ್ಟ್ ಕೊಟ್ಟ, ನನ್ನಂಥವರು ಮೂವರು ಒಟ್ಟಿಗೆ ಹಾಕಿಕೊಳ್ಳಬಹುದು, ಅಷ್ಟು ದೊಡ್ಡದು. ಬೆಳಿಗ್ಗೆ ಐದೂವರೆಗೆ ಮೋರಿ ಕಟ್ಟೆ ಹತ್ತಿರ ಕುರ್ಚಿ ಹಾಕಿ, ತಿರುವಿನ ಗುರುತಿಗೆ ಕಿತ್ತಳೆ ಬಣ್ಣದ ಕೋನು ಇಟ್ಟು ಕೂತೆ. ಆರೂವರೆಗೆ ಸತೀಶ ಸ್ಕೂಟರಿನಲ್ಲಿ ಬಂದ. ಆ ಹೊತ್ತಿಗೆ ಮನೋಹರ ಕೊಳದಲ್ಲಿ ಈಜುತ್ತಿದ್ದ.

"ತಾತ, ಕೋನು ಸ್ವಲ್ಪ ಈ ಕಡೆ ಇಡೋಣ."

"ಯಾಕಪ್ಪಾ?"

"ಇಲ್ಲಿ ಬೇರೆ ಪೊಲೀಸ್ ಸ್ಟೇಷನ್ ಲಿಮಿಟ್ಟು ತಾತ. ನಾನ್ ಪರ್ಮಿಷನ್ ಕೇಳೇ ಇಲ್ಲ, ಮರ್ತೇಬಿಟ್ಟೆ. ಯಾರಾದ್ರೂ ಬಂದು ನಿಲ್ಲಿಸಿದ್ರೆ ಮಾನ ಹೋಗುತ್ತೆ."

"ಮನೋಹರಂಗೆ ಏಳ್ದೇನೋ?"

"ಹೇಳಿದೀನಿ ತಾತ. ಸರಿ ಅಂದ್ರು."

ನಂಬಿದೆ. ಕೋನನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಅವನ ಸ್ಕೂಟರಿನ ಹಿಂದೆ ಕೂತೆ. ಹತ್ತಿರಹತ್ತಿರ ಒಂದು ಕಿಲೋಮೀಟರು ಹಿಂದಕ್ಕೆ, ಒಂದು ಪಂಕ್ಚರ್ ಅಂಗಡಿ ಮುಂದೆ ಇಳಿಸಿದ. ಕೋನು ಇಟ್ಟವನು ನಾನೇ. ಈ ಕೈಯೇ.

ಸೈಕಲ್‌ನವರು ಬರತೊಡಗಿದರು. ನಾನು ಸೀಟಿ ಊದಿದೆ, ಅವರು ತಿರುಗಿದರು. ಒಬ್ಬರಿಗೂ ಅನುಮಾನವಿಲ್ಲ. ಮನೋಹರ ಬಂದ, ತಲೆ ತಗ್ಗಿಸಿ, ಮೀಸೆಯಿಂದ ಇನ್ನೂ ನೀರು ಹಾರುತ್ತಿತ್ತು. ಕೋನು ನೋಡಿದ, ನನ್ನನ್ನು ನೋಡಿದ, ನಿಲ್ಲಲಿಲ್ಲ.

"ಲೇ ಮನೋಹರಾ! ಇಲ್ಲೇ ತಿರುಗ್ಬೇಕು ಕಣೋ!"

"ಇದಲ್ಲ ಮಾವ!" ಅಂತ ಕೂಗಿ ಮುಂದಕ್ಕೇ ಹೋದ. ಲಾರಿಗಳ ನಡುವೆ ಒಬ್ಬನೇ. ಮೋರಿ ಕಟ್ಟೆ ಮುಟ್ಟಿ ವಾಪಸ್ಸು ಬಂದ. ಬರುವಾಗ ನನ್ನ ಕಡೆ ನೋಡಲಿಲ್ಲ. ಎರಡನೇ ಸುತ್ತಿಗೆ ಬಂದಾಗ ಮಾತ್ರ ನಿಧಾನ ಮಾಡಿದ.

"ಯಾರ್ ಇಟ್ಟಿದ್ದು ಇದನ್ನ?"

"ನಾನೇ ಕಣೋ. ಸತೀಶ ಏಳ್ದ. ನಿಂಗೂ ಏಳಿದೀನಿ ಅಂದ."

ಅವನ ಮುಖ ಹೇಗಾಯಿತು ಅಂತ ಹೇಳಲು ನನಗೆ ಬರುವುದಿಲ್ಲ. ಬೇರೆ ಯಾವುದಾದರೂ ಆಗಿದ್ದರೆ ಏನಾದರೂ ಕಟ್ಟಿ ಹೇಳುತ್ತಿದ್ದೆ. ಅವನು ಒಂದು ಕ್ಷಣ ಕೋನನ್ನು ನೋಡಿ, ಮತ್ತೆ ಮೋರಿಯ ಕಡೆಗೇ ತುಳಿದ.

ಓಟ ಮುಗಿಸಿ ಬಂದವನನ್ನು ಸತೀಶನ ಕಡೆಯವರು ಕೊನೆಯ ಗೆರೆಯ ಹತ್ತಿರವೇ ತಡೆದರು. ನಿಗದಿಯಾದ ರಸ್ತೆ ಬಿಟ್ಟು ಹೋದವರಿಗೆ ಪದಕವಿಲ್ಲ ಅಂದರು. ಮನೋಹರ ಪದಕ ಕೇಳಲೇ ಇಲ್ಲ. ನೆಟ್ಟಗೆ ಸತೀಶನ ಹತ್ತಿರ ಹೋದ. ನಾನೂ ಅಷ್ಟರಲ್ಲಿ ಯಾರದೋ ಗಾಡಿ ಹತ್ತಿ ಬಂದಿದ್ದೆ.

"ಮೈಕಲ್ಲಿ ಹೇಳು ಸತೀಶ. ರಸ್ತೆ ಕಮ್ಮಿ ಆಯ್ತು, ಅಳತೆ ಸರೀಗಿತ್ತು, ಕೋನು ಜರುಗಿಸಿದ್ದು ನಾನು ಅಂತ ನೀನೇ ಹೇಳು."

"ಎಲ್ಲರಿಗೂ ಒಂದೇ ದೂರ ತಾನೇ ಅಣ್ಣ? ಯಾರಿಗೆ ಅನ್ಯಾಯ ಆಯ್ತು?"

"ನನ್ ಹೆಸರು ಹಾಕಿದೀಯಲ್ಲೋ."

"ಹೆಸರಿಗೇನಾಯ್ತು ಈಗ? ಬಿಡಿ ಅಣ್ಣ, ಜನ ಖುಷಿಯಾಗಿದಾರೆ." ಆಮೇಲೆ ಮೈಕು ಎತ್ತಿಕೊಂಡು, ನಗುನಗುತ್ತಾ, "ನಮ್ಮ ಮನೋಹರಣ್ಣ ಸ್ವಲ್ಪ ದಾರಿ ತಪ್ಪಿದ್ರೂ ಪೂರ್ತಿ ಮಾಡಿದಾರೆ, ಒಂದು ಚಪ್ಪಾಳೆ!" ಅಂದ. ಮೈದಾನವೇ ನಕ್ಕಿತು. ಅಳೆದವನೇ ದಾರಿ ತಪ್ಪಿದ ಅಂತ.

ಕಥೆ ಅಲ್ಲಿಗೇ ಮುಗಿದಿದ್ದರೆ ಮನೋಹರ ನುಂಗಿಕೊಳ್ಳುತ್ತಿದ್ದ. ಆದರೆ ಈಗಿನವರ ಕೈಗಡಿಯಾರ ಗಂಟೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತದೆ. ಸಾಯಂಕಾಲಕ್ಕೆ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರೇ ಕೇಳತೊಡಗಿದರು, ಮೂರೂವರೆ ಕಿಲೋಮೀಟರು ಕಮ್ಮಿ ಬಂದಿದೆಯಲ್ಲ, ಯಾರ್ರೀ ಅಳೆದಿದ್ದು? ಸತೀಶ ಬರೆದ, ನಾನು ಕಣ್ಣಾರೆ ಓದಿದೆ: ಅಳತೆ ಮಾಡಿದ್ದು ಮನೋಹರಣ್ಣ, ವಯಸ್ಸಾಗಿದೆ, ಏನೋ ಹೆಚ್ಚುಕಮ್ಮಿ ಆಗಿರಬೇಕು, ದಯವಿಟ್ಟು ಅವರನ್ನು ಯಾರೂ ಬೈಯಬೇಡಿ.

ಬೈಯಬೇಡಿ ಅಂದನಂತೆ! ನೋಡಿ ದೊಡ್ಡತನ!

ಮನೋಹರ ಮರುದಿನ ಇಬ್ಬರು ಮೂವರನ್ನು ಮೋರಿ ಕಟ್ಟೆಗೆ ಕರೆದುಕೊಂಡು ಹೋಗಿ ಕೆಂಪು ಗುರುತು ತೋರಿಸಿದ. ಬಣ್ಣ ಯಾವತ್ತು ಬೇಕಾದರೂ ಬಳಿಯಬಹುದು ಅಂದುಬಿಟ್ಟ ಸತೀಶ. ಆಗ ನಾನು ಸುಮ್ಮನಿರಲಿಲ್ಲ. ಗುಂಪಿನಲ್ಲಿ ನನ್ನ ದನಿಯಲ್ಲೇ ಹೇಳಿ ಕಳಿಸಿದೆ. ಕೋನು ಜರುಗಿಸಿದವನು ನಾನು, ಸತೀಶ ಹೇಳಿದ್ದಕ್ಕೆ, ದೇವರಾಣೆ ಅಂತ. ಉತ್ತರವಾಗಿ ನಗುವ ಮುಖಗಳು ಸಾಲಾಗಿ ಬಂದವು. 'ತಾತಾ, ಎಮ್ಮೆ ಬಾಲ ಹಿಡ್ಕೊಂಡು ಜರುಗಿಸಿದ್ರಾ?' ಅಂತ ಒಬ್ಬ ಬರೆದ. ಎಪ್ಪತ್ತಾರು ವರ್ಷ ನಗಿಸಿ ಸಂಪಾದಿಸಿದ್ದು ಇಷ್ಟು ಸ್ವಾಮಿ. ಮನೋಹರನಿಗೆ ಇದ್ದ ಸಾಕ್ಷಿ ನಾನೊಬ್ಬನೇ, ನನ್ನ ಮಾತು ಯಾರೂ ನಂಬುವುದಿಲ್ಲ.

ಅದಾದ ಮೂರನೇ ವಾರ ಬಾಗಲೂರು ಕಡೆಯ ಅಣ್ಣತಮ್ಮಂದಿರಿಬ್ಬರು ಬೇರೆ ಸರ್ವೆಯರನ್ನು ಕರೆಸಿದರು. ಜಗಳ ಇಬ್ಬರದೂ ಹಾಗೇ ಇತ್ತು, ಮನೋಹರ ಬೇಡ ಅನ್ನುವುದರಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದರು.

ಈ ವರ್ಷ ಮತ್ತೆ ಎರಡು ರೇಸು, ಮತ್ತೆ ಒಂದೇ ಭಾನುವಾರ. ಸತೀಶ ಏನೂ ಆಗದವನ ಹಾಗೆ, 'ಅಣ್ಣ ಬರ್ತೀರಲ್ಲ' ಅಂತ ಸಂದೇಶ ಕಳಿಸಿದ. ಮನೋಹರ ಅಳಿಸಿ ಹಾಕಿದ. ಹೋದ ವಾರ ಮುಬಶ್ಶಿರ್ ಮನೆಗೆ ಬಂದ. ಹೋದ ವರ್ಷ ಏನು ನಡೆಯಿತು ಅಂತ ಅವನಿಗೆ ಹೇಗೋ ಅಂದಾಜಿತ್ತು. "ಸರ್, ರೋಡು ನೀವೇ ಅಳೀಬೇಕು, ಹೆಸರು ದೊಡ್ಡದಾಗಿ ಹಾಕ್ತೀವಿ. ರೇಸಿಗೂ ಬನ್ನಿ" ಅಂದ. ಸುಮಾ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಮನೋಹರ ಅವಳ ಕೈಯಿಂದ ಲೋಟ ತೆಗೆದುಕೊಂಡ. "ಅಳೀತೀನಿ. ಹೆಸರೂ ಹಾಕಿ. ಆದ್ರೆ ಆವತ್ತು ತಿರುವಲ್ಲಿ ನಾನೇ ಕೂತ್ಕೋತೀನಿ."

"ಮತ್ತೆ ರೇಸು ಸರ್?"

"ಎರಡೂ ಆಗಲ್ವಲ್ಲ."

ವರ್ಷವಿಡೀ ಕೊಳಕ್ಕೆ ಹೋಗಿದ್ದಾನೆ ಅವನು. ಒಂದು ದಿನ ತಪ್ಪಿಸಿಲ್ಲ. "ಲೇ ಮನೋಹರ, ನೀನು ಓಡು ಕಣೋ. ನಾನ್ ಕೂತ್ಕೋತೀನಿ. ಈ ಸಲ ಬ್ರಮ್ಮ ಬಂದು ಏಳಿದ್ರೂ ಕೋನು ಅಲ್ಲಾಡಲ್ಲ" ಅಂದೆ.

ಅವನು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನನ್ನ ಭುಜದ ಮೇಲೆ ಕೈಯಿಟ್ಟು, "ಬೇಡ ಮಾವ" ಅಂದ. ಅಷ್ಟೇ. ಲೋಟ ಕೆಳಗಿಟ್ಟು ಅಳತೆ ಚಕ್ರಕ್ಕೆ ಎಣ್ಣೆ ಬಿಡಲು ಹೋದ.

ಈಗ ಹೇಳಿ, ಅಂಥವನು ದಾರಿ ತಪ್ಪಿದ ಅಂತ ನೀವು ಮತ್ತೆ—

"ಏನೂಂದ್ರೆ! ಯಾರ್ ಜೊತೆ ಅದು ಮಾತು ಒಬ್ರೇ? ಉಪ್ಸಾರು ಆರೋಯ್ತದೆ, ಬರ್ತೀರೋ ಇಲ್ವೋ?"

ಬಂದೆ ಮುನಿಕೃಷ್ಣಮ್ಮ, ಬಂದೆ.