‘ಹೋಗ್ತೀನಿ’ ಅಂದವಳು, ‘ಬತ್ತೀನಿ’ ಅಂದವರು

ಒಂದೇ ಒಂದು ಮಾತು ಮನುಷ್ಯನನ್ನು ಕೊಲ್ಲಬಹುದೇ?

ಕೊಲ್ಲಬಹುದು ಅನ್ನುತ್ತದೆ ಕಣಕಟ್ಟೆಯ ಹತ್ತಿರದ ಒಂದು ಮನೆ. ಆಡಿದವಳು ನನ್ನ ಅಣ್ಣನ ಮಗಳು ರೂಪ. ತಂಗಿಯ ಮಗುವಿನ ನಾಮಕರಣಕ್ಕೆಂದು ಗಂಡನ ಮನೆಯಿಂದ ಬೇಲೂರಿನ ತವರಿಗೆ ಹೊರಟಿದ್ದಳು. ಬಸ್ಸಿನ ಹಾರನ್ ಕೇಳಿತು. ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟುತ್ತಾ ‘ಹೋಗ್ತೀನಿ ಅತ್ತೆ’ ಅಂದುಬಿಟ್ಟಳು. ‘ಬರ್ತೀನಿ’ ಅನ್ನಲಿಲ್ಲ. (ನಮ್ಮಲ್ಲಿ ಬರೀ ‘ಹೋಗ್ತೀನಿ’ ಅನ್ನುವುದು ಮತ್ತೆ ಬರದೇ ಇರುವವರು ಅಂತ ನಿಮಗೆ ಬೇರೆ ಹೇಳಬೇಕೇ?) ಅದೇ ಮಧ್ಯಾಹ್ನ ಅವಳ ಮಾವ ತೆಂಗಿನ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ.

ಸುದ್ದಿ ಕೇಳಿ ಓಡಿಬಂದ ರೂಪಳನ್ನು ಅತ್ತೆ ಹೊಸಿಲು ದಾಟಲು ಬಿಡಲಿಲ್ಲ. ಮಣ್ಣು ಮುಗಿಸಿಕೊಂಡು ಅಂಗಳದಿಂದಲೇ ತವರಿಗೆ ವಾಪಸಾದಳು. ಅವಳ ಗಂಡ ಮಹೇಶ ದಿನಾ ಫೋನ್ ಮಾಡುತ್ತಿದ್ದ, ‘ಅಮ್ಮಂಗೆ ಸ್ವಲ್ಪ ಸಮಾಧಾನ ಆಗ್ಲಿ’ ಅನ್ನುತ್ತಿದ್ದ, ಇಡುತ್ತಿದ್ದ. ಹೀಗೆ ಎಷ್ಟು ದಿನ?

ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ. ಅರಸೀಕೆರೆಯಲ್ಲಿ ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು. ಒಂದಾದ ಮೇಲೆ ಇನ್ನೊಂದು ಆದರೆ, ಮೊದಲಿನದರಿಂದಲೇ ಎರಡನೆಯದು ಆಯಿತು ಅನ್ನುವುದು ತಪ್ಪು. ಇದನ್ನು ಬೋರ್ಡಿನ ಮೇಲೆ ಬರೆದೂ ಬರೆದೂ ನನ್ನ ಕೂದಲು ನರೆಯಿತು. (ಅಲ್ಲ, ನರೆತದ್ದು ವಯಸ್ಸಿನಿಂದ. ನೋಡಿ, ನಾನೇ ಜಾರಿದೆ.)

ಹಾಗಾಗಿ ಕಳೆದ ವಾರ ಅಣ್ಣ ‘ನೀನೇ ಹೋಗಿ ಮಾತಾಡೋ’ ಅಂದಾಗ ಹುರುಪಿನಿಂದಲೇ ಒಪ್ಪಿದೆ. ಹಳೇಬೀಡು, ಜಾವಗಲ್ ಮೇಲೆ ಬಂದ ಬಸ್ಸಿನಿಂದ ರೂಪ ಅರಸೀಕೆರೆಯಲ್ಲಿ ಇಳಿದಳು. ಅಲ್ಲಿಂದ ಇಬ್ಬರೂ ಕಣಕಟ್ಟೆ ಬಸ್ ಹತ್ತಿದೆವು.

ಉರಿ ಮಧ್ಯಾಹ್ನ. ಗಾಳಿಯೇ ಇಲ್ಲ. ತೋಟದ ಗೇಟು ಹಾರು ಹೊಡೆದಿತ್ತು. ಮನೆಯ ಬಾಗಿಲೂ ಹಾರು ಹೊಡೆದಿತ್ತು. ದನ ನುಗ್ಗುವ ಊರಲ್ಲಿ ಗೇಟು ಯಾರು ತೆರೆದಿಡುತ್ತಾರೆ? ಬಾಗಿಲ ಪಕ್ಕ ಕಾಲು ತೊಳೆಯಲು ಒಂದು ಚೊಂಬು ನೀರು ತುಂಬಿಟ್ಟಿತ್ತು. ರೂಪಳ ಅತ್ತೆ ಗಿರಿಜಮ್ಮ ಹೊಸಿಲಿನ ಒಳಗೆ ಕೂತಿದ್ದರು. ಮಹೇಶ ಜಗಲಿಯಲ್ಲಿ ತಲೆ ತಗ್ಗಿಸಿದ್ದ. ರೂಪ ಅಂಗಳದಲ್ಲೇ ನಿಂತಳು.

‘ಅಲ್ಲಮ್ಮ, ಒಂದು ಮಾತಿಗೂ ಹಾರ್ಟ್ ಅಟ್ಯಾಕಿಗೂ ಏನು ಸಂಬಂಧ?’ ಅಂತ ಶುರು ಮಾಡಿದೆ.

‘ಅವ್ಳು ಅಂದ್ಲು, ಇವ್ರು ಹೋದ್ರು. ಇನ್ನೇನ್ ಬೇಕು?’ ಅಂದರು ಗಿರಿಜಮ್ಮ.

‘ಸಂಬಂಧ ಇದೆ ಅನ್ನೋದಕ್ಕೆ ಆಧಾರ?’

‘ಇಲ್ಲ ಅನ್ನೋಕೆ ನಿಮ್ತಾವ ಏನೈತೆ?’

‘ಊರಿಗೆ ಊರೇ ಹಂಗಂತೈತೆ ಮೇಷ್ಟ್ರೇ’ ಅಂದ ಮಹೇಶ, ನೆಲ ನೋಡುತ್ತಲೇ.

ತಾವು ಸಾಬೀತು ಮಾಡಬೇಕಾದ್ದನ್ನು ನನ್ನ ತಲೆಗೆ ಕಟ್ಟಿದ್ದು ಒಂದು ದೋಷ. ಹತ್ತು ಜನ ಅಂದರು ಅಂತ ನಿಜ ಮಾಡಿದ್ದು ಇನ್ನೊಂದು. ಇಂಥ ಉದಾಹರಣೆಗಳಿಗಾಗಿ ಕ್ಲಾಸಿನಲ್ಲಿ ತಡಕಾಡುತ್ತಿದ್ದೆ. ಇಲ್ಲಿ ಪಠ್ಯಪುಸ್ತಕವೇ ಜಗಲಿಗೆ ಬಂದು ಕೂತಿತ್ತು. ಒಳಗೊಳಗೇ ಖುಷಿಯಾಯಿತು. ಬ್ರಹ್ಮಾಸ್ತ್ರ ತೆಗೆದೆ.

‘ಅವತ್ತು ತೋಟಕ್ಕೆ ಹೊರಡುವಾಗ ನಿಮ್ಮ ಯಜಮಾನರು ಏನಂದು ಹೊರಟರು?’

‘ಬತ್ತೀನಿ ಕಣೇ, ಅಂದ್ರು.’

‘ನೋಡಿ. ಸರಿಯಾದ ಮಾತು ಆಡಿದವರು ಬರಲಿಲ್ಲ. ತಪ್ಪು ಮಾತು ಆಡಿದವಳು ಬಂದು ಅಂಗಳದಲ್ಲಿ ನಿಂತಿದಾಳೆ. ಮಾತಿನಿಂದ ಏನಾಯ್ತು?’

ಗೆದ್ದೆ ಅಂದುಕೊಂಡೆ. ಗಿರಿಜಮ್ಮ ನನ್ನನ್ನು ನೋಡಲೇ ಇಲ್ಲ. ಗೇಟಿನ ಆಚೆ ನೋಡುತ್ತಿದ್ದರು. ಅಲ್ಲಿ ತೆಂಗಿನ ಸಾಲಿನ ಕೊನೆಗೆ ಹೊಸ ಮಣ್ಣಿನ ದಿಬ್ಬವಿತ್ತು. ಅವರ ಯಜಮಾನರ ಸಮಾಧಿ.

‘ಬರಲಿಲ್ಲ ಅಂತ ಯಾರಂದ್ರು? ಇನ್ನೂ ಬಂದಿಲ್ಲ, ಅಷ್ಟೇಯ.’ ದನಿಯಲ್ಲಿ ಅಳುವಿರಲಿಲ್ಲ. ‘ಅವ್ರನ್ನೇನ್ ಮಲಗ್ಸಿದೀವಾ ಮೇಷ್ಟ್ರೇ? ಕೂರ್ಸಿದೀವಿ. ಕೂತೋರು ಏಳಲ್ವಾ? ಬತ್ತೀನಿ ಅಂದೋರು ಬತ್ತಾರೆ. ಹೋಗ್ತೀನಿ ಅಂದೋಳು ಯಾಕ್ ಬಂದ್ಲು, ಅದ್ನ ಹೇಳಿ.’

(ನಮ್ಮಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿಯೇ ಮಣ್ಣು ಮಾಡುವುದು ಪದ್ಧತಿ. ಹುಟ್ಟಿದಾಗಿನಿಂದ ಕಂಡದ್ದು. ಕೂತವರು ಏಳಬಹುದು ಅಂತ ಯಾವತ್ತೂ ಹೊಳೆದಿರಲಿಲ್ಲ.) ಗೇಟು, ಬಾಗಿಲು ಯಾಕೆ ತೆರೆದಿದ್ದವು ಅಂತ ಆಗ ಗೊತ್ತಾಯಿತು. ಚೊಂಬಿನ ನೀರು ನಮಗೆ ಇಟ್ಟದ್ದು ಅಂದುಕೊಂಡಿದ್ದೆ. ಚೊಂಬಿನಿಂದ ಕಾಲು ಹಿಂದಕ್ಕೆಳೆದುಕೊಂಡೆ.

ಇನ್ನೂ ಹೆಚ್ಚು ಹೆದರಿಸಿದ್ದು ಬೇರೆ. ಅವರ ಮಾತಿನಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಅಂದದ್ದೇ ಆಗುತ್ತದೆ ಅಂತ ಒಮ್ಮೆ ಒಪ್ಪಿಕೊಂಡರೆ ಉಳಿದದ್ದೆಲ್ಲ ಚೊಕ್ಕ. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ. ಅದನ್ನು ಮುರಿಯಬೇಕಾದರೆ ಅವರು ಕಾಯುತ್ತಿರುವುದು ಸುಳ್ಳಿಗೆ ಅನ್ನಬೇಕು. ಅಷ್ಟು ಕಲ್ಲು ಮನಸ್ಸು ನನಗಿಲ್ಲ.

ಆಗ ರೂಪ ಬಾಯಿಬಿಟ್ಟಳು. ‘ಅತ್ತೆ, ಆವತ್ತಿನ ಮಾತು ವಾಪಸ್ ತಗೊಂಡೆ. ಬತ್ತೀನಿ.’ ಬೇಲೂರು ಪೇಟೆಯ ಹುಡುಗಿ, ಅವರ ಹಾಗೆಯೇ ‘ಬತ್ತೀನಿ’ ಅಂದಳು. ತಿರುಗಿ ನಡೆದಳು. ಗೇಟು ದಾಟಿ, ತೆಂಗಿನ ಸಾಲಿನ ಗುಂಟ ದಿಬ್ಬದವರೆಗೆ ಹೋದಳು. ಕೈ ಮುಗಿದಳು. ಮತ್ತೆ ಮನೆಯ ಕಡೆಗೆ ಬಂದಳು.

ಗಿರಿಜಮ್ಮ ಎದ್ದು ನಿಂತರು. ‘ಬಾ’ ಅಂದು ಹೊಸಿಲಿನಿಂದ ಪಕ್ಕಕ್ಕೆ ಸರಿದರು. ರೂಪ ಕಾಲು ತೊಳೆದು ಒಳಗೆ ಹೋದಳು. ಮಹೇಶ ಅಳುತ್ತಿದ್ದ.

ಆದರೆ ಗಿರಿಜಮ್ಮ ಸರಿದ ಜಾಗದಲ್ಲೇ ನಿಂತಿದ್ದರು. ಅವಳ ಹಿಂದೆ ಬರುತ್ತಿರುವ ಇನ್ನೊಬ್ಬರಿಗೆ ದಾರಿ ಬಿಟ್ಟವರ ಹಾಗೆ. ಸೆರಗು ಹೊದ್ದುಕೊಂಡರು. ಆಮೇಲೆ ಮಗನಿಗೆ ಮೆಲ್ಲಗೆ ಹೇಳಿದರು, ‘ಇನ್ ಗೇಟ್ ಹಾಕ್ಕಂಡ್ ಬಾರಪ್ಪ.’

ಮಹೇಶ ಗೇಟು ಹಾಕಿದ. ಗಾಳಿಯಿಲ್ಲದ ತೋಟದಲ್ಲಿ ಒಂದು ಗರಿ ಕಳಚಿ ದೊಪ್ಪನೆ ಬಿತ್ತು. ತೆಂಗಿನ ಗರಿ ಒಣಗಿದರೆ ಬೀಳುತ್ತದೆ. ಬಿದ್ದದ್ದು ಗೇಟು ಹಾಕಿದ ಮೇಲೆ, ಅಷ್ಟೇ. ಒಂದಾದ ಮೇಲೆ ಇನ್ನೊಂದು. ಸಂಬಂಧ ಇರಲೇಬೇಕಿಲ್ಲ.

ಕಾಫಿ ಕುಡಿದು ಹೊರಟೆ. ಹೊಸಿಲಲ್ಲಿ ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದರು. ತರ್ಕದ ಮೇಷ್ಟ್ರು ನಾನು, ‘ಹೋಗ್ತೀನಿ’ ಅಂದು ತೋರಿಸಬಹುದಿತ್ತು. ನಾಲಿಗೆ ಹೊರಳಲಿಲ್ಲ. ‘ಬತ್ತೀನಮ್ಮ’ ಅಂದೆ.

ಇವತ್ತು ಮನೆಯಿಂದ ಹೊರಡುವಾಗ ನೀವು ಏನಂದಿರಿ, ನೆನಪಿದೆಯೇ?