ಗೌಡರ ಹೊಲದ ಬಣ್ಣ

ಬೆಳೆ ಪರಿಹಾರಕ್ಕಾಗಿ, ಆನೆ ಮೇಯ್ದ ಹೊಲಗಳನ್ನು ಉಪಗ್ರಹದ ಚಿತ್ರದಲ್ಲಿ ಹುಡುಕುವುದು ನನ್ನ ಕೆಲಸ. ಬೆಳೆ ಇದ್ದರೆ ಹಸಿರು, ಹೋಗಿದ್ದರೆ ಕಂದು. ಹೋದ ವರ್ಷ ಮಲ್ಲಿಪಟ್ಟಣದ ಹತ್ತಿರ ಸಣ್ಣೇಗೌಡರ ಮುಸುಕಿನ ಜೋಳವನ್ನೆಲ್ಲ ಆನೆಗಳು ತಿಂದುಹಾಕಿದ್ದವು. ಮೋಡ ಸರಿದು ಚಿತ್ರ ಸಿಕ್ಕಾಗ ನೋಡಿದರೆ ಹೊಲ ಹಸಿರಾಗಿತ್ತು. ನಷ್ಟವೇ ಆಗಿಲ್ಲ ಎಂದಿತು ಕಂಪ್ಯೂಟರ್.

ಅನುಮಾನ ಬಂದು ಹೊಲಕ್ಕೇ ಹೋದೆ. ಜೋಳವಿದ್ದಲ್ಲಿ ಹುರುಳಿ ಹಬ್ಬಿತ್ತು.

"ಬರೀ ನೆಲ ನೋಡಕ್ಕಾಗ್ನಿಲ್ಲ ಸಾ, ಉರುಳಿ ಚೆಲ್ಬುಟ್ಟೆ," ಎಂದರು ಗೌಡರು.

"ಕಂಪ್ಯೂಟರ್ ಅದನ್ನೇ ಜೋಳ ಅಂದ್ಕೊಂಡಿದೆ ಗೌಡ್ರೇ."

"ನೀವೇ ಬಂದು ಕಣ್ಣಾರೆ ನೋಡುದ್ರಲ್ಲ, ಬರ್ಕಳಿ."

"ನಾನು ನೋಡಿದ್ದು ಲೆಕ್ಕಕ್ಕೆ ಬರಲ್ಲ."

ಅವರು ಸ್ವಲ್ಪ ಹೊತ್ತು ಆಕಾಶ ನೋಡಿದರು. "ಅಂಗಾರೆ ಮುಂದ್ಲ ಸಲ ಆನೆ ತಿಂದ್ಮೇಲೆ ಏನೂ ಬಿತ್ತಾಕಿಲ್ಲ. ಅಂಗೇ ಬುಡ್ತೀನಿ, ನೋಡ್ಕಳ್ಲಿ."

ಈ ವರ್ಷವೂ ಆನೆಗಳು ಬಂದು ಜೋಳವನ್ನೆಲ್ಲ ತಿಂದವು. ಗೌಡರು ಒಂದು ಕಾಳೂ ಚೆಲ್ಲದೆ ಕಾದರು. ಮೋಡ ಸರಿಯುವಷ್ಟರಲ್ಲಿ ಸುತ್ತಲಿನವರ ಕೊಯ್ಲು ಶುರುವಾಗಿ, ಹುರುಳಿ ಬಿತ್ತುವ ಹದವೂ ತಪ್ಪಿಹೋಗಿತ್ತು. ಚಿತ್ರ ಬಂದ ದಿನವೇ ಗೌಡರು ಫೋನ್ ಮಾಡಿದರು.

"ಈ ಸಲನಾದ್ರೂ ಕಾಣ್ತಾ ಸಾ?"

ಚೆನ್ನಾಗಿಯೇ ಕಾಣುತ್ತಿತ್ತು, ಬದುವಿನಿಂದ ಬದುವಿಗೆ ಬರೀ ಮಣ್ಣು. ಅದರ ಮೇಲೆ ಕಂಪ್ಯೂಟರ್ ಬರೆದಿತ್ತು: ಕೊಯ್ಲು ಮುಗಿದಿದೆ.