ತಾಮ್ರ ಕರೆಂಟು ಎಳೆಯುತ್ತದೆ ಎಂದವಳು ನಾನೇ

ರತ್ನ, ಕಾಪರ್-ಟಿ ಹಾಕಿಸಿಕೊಂಡ ಹೆಂಗಸು ವೈಂಡಿಂಗ್ ಮೆಷಿನ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ನಮ್ಮ ಫ್ಯಾಕ್ಟರಿಯಲ್ಲಿ ಹಬ್ಬಿಸಿದವಳು ನಾನೇ. ಅದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತೆಂದರೆ — ಆ ಹೊತ್ತಿಗೆ ಅದು ನನ್ನೊಳಗೇ ಇತ್ತು. ಹಾಕಿಸಿಕೊಂಡು ಒಂದು ವರ್ಷವಾಗಿತ್ತು.

ನಗುತ್ತಿದ್ದೀಯ, ನನಗೆ ಗೊತ್ತು. ನಗು. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದಲೇ ಹೇಳುತ್ತೇನೆ, ಯಾಕೆಂದರೆ ನಡುವಿನಿಂದ ಶುರು ಮಾಡಿದರೆ ಮತ್ತೆ ಎಲ್ಲೋ ನುಣುಚಿಕೊಂಡುಬಿಡುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯದಲ್ಲಿ ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ ನಿನ್ನದು. ನೀವೆಲ್ಲ ಸುತ್ತಿದ್ದನ್ನು ಮೀಟರ್ ಇಟ್ಟು ಪರೀಕ್ಷೆ ಮಾಡುವುದು ನನ್ನದು. ದಾಸರಹಳ್ಳಿಯ ಒಂದೇ ವಠಾರದಲ್ಲಿ ಎದುರುಬದುರು ಮನೆ. ನಿನಗೆ ಇಬ್ಬರು ಗಂಡುಮಕ್ಕಳು, ನನಗೆ ಒಬ್ಬ. ಎರಡನೆಯದು ಯಾವಾಗ ಎಂದು ನಮ್ಮತ್ತೆ ಬೆಳಗಿನ ಕಾಫಿ ಕೊಡುವಾಗಲೂ ಕೇಳುತ್ತಿದ್ದರು. ಸದ್ಯಕ್ಕೆ ಬೇಡವೆಂದು ನಾನೂ ನನ್ನವರೂ ಮಾತಾಡಿಕೊಂಡು, ತವರಿಗೆ ಹೋಗುವ ನೆಪ ಹೇಳಿ, ಸೈಕಲ್ಲಿನಲ್ಲಿ ಆಸ್ಪತ್ರೆಗೆ ಹೋಗಿ ಬಂದಿದ್ದೆವು. ಅತ್ತೆಗೆ ಹೇಳಲಿಲ್ಲ. ನಿನಗೂ ಹೇಳಲಿಲ್ಲ — ನಿನ್ನ ಬಾಯಲ್ಲಿ ಮಾತು ನಿಲ್ಲುವುದೇ ಇಲ್ಲವಲ್ಲ, ಮಾರಾಯ್ತಿ. ನಿನಗೆ ಹೇಳಿದ್ದರೆ ಸಂಜೆಯೊಳಗೆ ನಲ್ಲಿಯ ಹತ್ತಿರ ನೀರಿಗೆ ನಿಂತವರಿಗೆಲ್ಲ ಗೊತ್ತಾಗುತ್ತಿತ್ತು.

ಒಂದು ಶನಿವಾರ ಊಟದ ಹೊತ್ತಿನಲ್ಲಿ ಅದೇ ಆಸ್ಪತ್ರೆಯ ನರ್ಸಮ್ಮ ಕ್ಯಾಂಟೀನಿಗೆ ಬಂದರು. ಹಳಬರು ವಂಕಿ ಅನ್ನುತ್ತಿದ್ದ ಕಾಪರ್-ಟಿಯನ್ನು ಅಂಗೈಯಲ್ಲಿ ಇಟ್ಟು ತೋರಿಸಿದರು. ಬೆರಳಿನ ಎರಡು ಗೆಣ್ಣಿನಷ್ಟು ಬಿಳಿ ಪ್ಲಾಸ್ಟಿಕ್ಕು, ಅದರ ಕಡ್ಡಿಗೆ ಸುತ್ತಿದ ತಾಮ್ರದ ತಂತಿ, ಕೆಳಗೆ ಎರಡು ಎಳೆ ದಾರ. "ಇದು ಆಪರೇಷನ್ ಅಲ್ಲ ಕಣ್ರಮ್ಮ. ಗರ್ಭಕೋಶದೊಳಗೆ ಇಡ್ತಾರೆ, ಮೂರು ವರ್ಷ ಇರುತ್ತೆ. ಮಗು ಬೇಕು ಅನ್ನಿಸ್ದಾಗ ಬನ್ನಿ, ಡಾಕ್ಟ್ರು ತೆಗೀತಾರೆ. ಮೊದಲು ಒಂದೆರಡು ತಿಂಗಳು ಮುಟ್ಟು ಜಾಸ್ತಿ ಹೋಗ್ಬಹುದು, ಕಿಬ್ಬೊಟ್ಟೆ ನೋಯ್ಬಹುದು. ತೀರಾ ಜಾಸ್ತಿಯಾದ್ರೆ ಸುಮ್ನೆ ಕೂರ್ಬೇಡಿ, ಬಂದು ತೋರಿಸಿ" ಎಂದರು. ಅದು ಕೈಯಿಂದ ಕೈಗೆ ದಾಟಿ ನಿನ್ನ ಹತ್ತಿರ ಬಂದಾಗ ನೀನು ಬೆಳಕಿಗೆ ಹಿಡಿದು ನೋಡಿ, "ಸುತ್ತಿರೋದು ಪರವಾಗಿಲ್ಲ ಸಿಸ್ಟರ್, ನಮ್ಮಷ್ಟು ನೀಟಾಗಿಲ್ಲ" ಅಂದೆ. ಕ್ಯಾಂಟೀನಿಗೆ ಕ್ಯಾಂಟೀನೇ ಬಿದ್ದು ಬಿದ್ದು ನಕ್ಕಿತು.

ನೀನು ಆವತ್ತೇ ಮನಸ್ಸು ಮಾಡಿದ್ದೆ. ಹೊಸ ಮೆಷಿನ್ನುಗಳು ಬರುವುದಿತ್ತು. ಆರು ತಿಂಗಳು ತರಬೇತಿ ಪಡೆದು ಸೆಕ್ಷನ್ನಿನ ಇನ್‌ಚಾರ್ಜ್ ಆಗಲು ಸೂಪರ್‌ವೈಸರ್ ನಿನ್ನ ಹೆಸರನ್ನೇ ಬರೆದಿದ್ದರು. ನಿನ್ನ ನಂತರದ ಹೆಸರು ನನ್ನದು. ಈ ನಡುವೆ ಇನ್ನೊಂದು ಬಸುರಾದರೆ ಎಲ್ಲ ಮುಗಿದಂತೆ ಎಂದು, ಒಂದು ವಾರ ಬಿಟ್ಟು ಸೋಮವಾರ ಆಸ್ಪತ್ರೆಗೆ ಹೋಗಲು ನೀನು ರಜೆಯನ್ನೂ ಕೇಳಿದ್ದೆ.

ಆ ನಡುವಿನ ವಾರ ಊಟಕ್ಕೆ ಕೂತಾಗ ಒಬ್ಬಳು ಎಲ್ಲರೆದುರು ನನ್ನನ್ನು ಕೇಳಿದಳು: "ಸರೋಜಕ್ಕ, ಹೋದ್ವರ್ಷ ಆಸ್ಪತ್ರೆ ಗೇಟಲ್ಲಿ ನಿನ್ನ ನೋಡಿದ್ನಲ್ಲ, ನೀನೂ ಹಾಕ್ಸಿದೀಯ?" ನೀನು ಪಕ್ಕದಲ್ಲೇ ಇದ್ದೆ. ನನಗೆ ನಮ್ಮತ್ತೆಯ ಮುಖ ಕಣ್ಣಮುಂದೆ ಬಂತು. ಬಾಯಿಗೆ ಬಂದದ್ದನ್ನು ಹೇಳಿದೆ.

"ನಂಗೇನ್ ತಲೆ ಕೆಟ್ಟಿದ್ಯಾ? ಅದ್ರಲ್ಲಿರೋದು ತಾಮ್ರ ಕಣ್ರೇ. ಮೆಷಿನ್ನಲ್ಲಿ ಒಂಚೂರು ಕರೆಂಟ್ ಲೀಕ್ ಆದ್ರೂ ಸೀದಾ ಒಳಕ್ಕೇ ಎಳ್ಕೊಳುತ್ತೆ."

ಬೇರೆ ಯಾರು ಹೇಳಿದ್ದರೂ ನೀವೆಲ್ಲ ನಕ್ಕುಬಿಡುತ್ತಿದ್ದಿರಿ. ಆದರೆ ಹೇಳಿದ್ದು ಮೀಟರ್ ಹಿಡಿಯುವವಳು. ಎಲ್ಲಿ ಲೀಕ್, ಎಲ್ಲಿ ಶಾರ್ಟ್ ಎಂದು ದಿನವಿಡೀ ನಿಮಗೆ ಹೇಳುತ್ತಿದ್ದವಳು. ತಾಮ್ರವೆಂದರೇನು, ಕರೆಂಟೆಂದರೇನು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು — ಹಾಗೆಂದೇ ಎಲ್ಲರೂ ನಂಬಿದಿರಿ. ವಾರದೊಳಗೆ ಇಬ್ಬರು ಕೈಯ ತಾಮ್ರದ ಉಂಗುರವನ್ನೂ ಬಿಚ್ಚಿಟ್ಟರು.

ಅಲ್ಲಿಗೇ ನಿಂತಿದ್ದರೆ ತಮಾಷೆ ಎನ್ನಬಹುದಿತ್ತು. ಆ ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾವಿಬ್ಬರೇ ಇದ್ದಾಗ ನೀನು ಕೇಳಿದೆ: "ನಿಜ ಹೇಳೇ ಸರೋಜ, ಶಾಕ್ ಹೊಡ್ಯುತ್ತಾ? ನೀನು ಹೂಂ ಅಂದ್ರೆ ನಾ ಹೋಗಲ್ಲ."

ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. "ಇಲ್ಲ" ಎಂದರೆ ಸಾಕಿತ್ತು, ನನ್ನ ಗುಟ್ಟನ್ನು ಹೇಳಲೇಬೇಕೆಂದೂ ಇರಲಿಲ್ಲ. ನಾನು ಒದ್ದೆ ಬಟ್ಟೆ ಹಿಂಡುತ್ತಾ, "ಸುಮ್ನೆ ಯಾಕೆ ರಿಸ್ಕು" ಅಂದೆ.

ನೀನು ಸೋಮವಾರ ಹೋಗಲಿಲ್ಲ. ಮೂರನೇ ತಿಂಗಳು ಕ್ಯಾಂಟೀನಿನ ಸಾರಿನ ವಾಸನೆಗೆ ಎದ್ದು ಓಡಿದೆ. ತರಬೇತಿಯ ಪಟ್ಟಿಯಲ್ಲಿ ನಿನ್ನ ಹೆಸರು ಹೊಡೆದು ನನ್ನದನ್ನು ಬರೆದರು. ಆ ಜಾಗಕ್ಕಾಗಿಯೇ ನಾನು ಹಾಗೆ ಹೇಳಿದೆನಾ? ಇಲ್ಲವೆಂದೇ ಅನ್ನಿಸುತ್ತದೆ, ಆದರೆ... ನನ್ನ ಹೆಸರು ಓದಿದಾಗ ನನಗೆ ದುಃಖವಾಗಲಿಲ್ಲ. ಖುಷಿಯಾಯಿತು. ಅದನ್ನೂ ಬರೆದುಬಿಡುತ್ತೇನೆ.

ಆಸ್ಪತ್ರೆಗೆ ನಮ್ಮ ಸೆಕ್ಷನ್ನಿನಿಂದ ಒಬ್ಬಳೂ ಬರುತ್ತಿಲ್ಲವೆಂದು ನರ್ಸಮ್ಮ ಮತ್ತೆ ಬಂದರು. ವಿಷಯ ತಿಳಿದು ಸೊಂಟಕ್ಕೆ ಸೆರಗು ಸಿಕ್ಕಿಸಿ, ಓಡುತ್ತಿದ್ದ ಮೆಷಿನ್ನಿನ ಮೈಮೇಲೆ ಎರಡೂ ಕೈ ಇಟ್ಟು ನಿಂತರು. "ನಾನೂ ಹಾಕ್ಸಿದೀನಿ ಕಣ್ರಮ್ಮ. ಎಲ್ಲಿ ಹೊಡೀತು, ನೋಡಿ." ಐದು ತಿಂಗಳ ಹೊಟ್ಟೆ ಹಿಡಿದುಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು. ಆಮೇಲೆ ನನ್ನ ಬೆನ್ನು ತಟ್ಟಿ ಅಂದೆ: "ಪಾಪ, ಅಷ್ಟು ಓದಿರೋಳು ನೀನೂ ಹೆದರ್ಕೊಂಡಿದ್ಯಲ್ಲೇ." ನೀನು ಒಂದೇ ಒಂದು ಮಾತು ಬೈದಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ.

ಹೆಣ್ಣು ಹುಟ್ಟಿತು. ಶಾಕಿನ ಭಯಕ್ಕೆ ಹುಟ್ಟಿದವಳೆಂದು ನೀನೇ ಅವಳನ್ನು ಕರೆಂಟಮ್ಮ ಎಂದು ಕರೆದೆ, ವಠಾರವೂ ಹಾಗೇ ಕರೆಯಿತು. ಬಾಣಂತನ ಮುಗಿಯುತ್ತಲೇ ನೀನು ಕಾಪರ್-ಟಿ ಹಾಕಿಸಿಕೊಂಡೆ. ಸುಮ್ಮನಿದ್ದೆಯಾ? "ನೀನೂ ಹಾಕ್ಸ್ಕೊಳೇ, ಏನೂ ಆಗಲ್ಲ" ಎಂದು ವರ್ಷವಿಡೀ ನನ್ನ ಬೆನ್ನುಬಿದ್ದೆ. ಅಷ್ಟರಲ್ಲಿ ನನ್ನದರ ಮೂರು ವರ್ಷದ ಅವಧಿ ಮುಗಿದು ಹೇಗೂ ಬದಲಾಯಿಸಬೇಕಿತ್ತು. ನಿನ್ನ ಜೊತೆಗೇ ಹೋದೆ. ಮೊದಲ ಸಲ ಬಂದವಳ ಹಾಗೆ ಮುಖ ಮಾಡಿಕೊಂಡು ಬೆಂಚಿನ ಮೇಲೆ ಕೂತೆ. ನೀನು ನನ್ನ ಕೈ ಹಿಡಿದು ಧೈರ್ಯ ಹೇಳಿದೆ. ಒಳಗೆ ನರ್ಸಮ್ಮ ನನ್ನ ಹಳೆಯ ಚೀಟಿ ನೋಡಿದರು, ನನ್ನ ಮುಖ ನೋಡಿದರು, ಚೀಟಿ ಮಡಚಿ ಒಳಗಿಟ್ಟರು.

ಕರೆಂಟಮ್ಮ ಹುಟ್ಟಬಾರದಿತ್ತು ಎಂದು ನಾನು ಯಾವ ಬಾಯಿಂದ ಹೇಳಲಿ? ನನ್ನ ಸೊಂಟದ ಮೇಲೇ ಬೆಳೆದವಳು, ಈಗಲೂ ಚಿಕ್ಕಮ್ಮಾ ಎನ್ನುತ್ತಲೇ ಒಳಗೆ ಬರುತ್ತಾಳೆ. ಆದರೆ ಅವಳನ್ನು ಮುಂದಿಟ್ಟುಕೊಂಡು ಒಳ್ಳೆಯದೇ ಆಯಿತಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದು ತಪ್ಪು. ಬೇಕೋ ಬೇಡವೋ, ಯಾವಾಗ ಬೇಕು — ಅದು ನೀನು ತೀರ್ಮಾನ ಮಾಡಬೇಕಾಗಿದ್ದದ್ದು. ಮಾಡಿಯೂ ಇದ್ದೆ. ನಾನು ತಪ್ಪಿಸಿದೆ.

ನೀನು ಕೊನೆಯ ದಿನದವರೆಗೂ ತಂತಿ ಸುತ್ತಿದೆ. ನಾನು ಇನ್‌ಚಾರ್ಜ್ ಆಗಿ ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಹಾರ ಹಾಕಿದವಳೂ ನೀನೇ. ಮೈಕ್ ಹಿಡಿದು, "ನಮ್ ಸರೋಜಂಗೆ ಈ ಜಾಗ ಸಿಕ್ಕಿದ್ದು ನ್ಯಾಯವಾಗಿತ್ತು" ಎಂದೆ. ನಾನು ಕೈ ಮುಗಿದು ನಿಂತಿದ್ದೆ.

ನ್ಯಾಯವಾಗಿರಲಿಲ್ಲ. ಭಾನುವಾರ ಬಂದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ. ಓದಿದ ಮೇಲೆ ನೀನು ಏನನ್ನುತ್ತೀಯೆಂದೂ ನನಗೆ ಗೊತ್ತು — "ಆಗಿದ್ದು ಆಯ್ತು, ಕೂತ್ಕೊ, ಊಟ ಮಾಡು" ಎನ್ನುತ್ತೀಯ. ಅದೊಂದು ಮಾತ್ರ ಬೇಡ, ರತ್ನ. ಈ ಒಂದು ಸಲ ಮೊದಲು ಬೈದುಬಿಡು.